ಕಣ್ಣು ನಿಲ್ಲದ ಜಾಗ

ಹೇಳಬೇಕಾದ ಮಾತನ್ನು ಸುಪ್ರಜಾ ಸೀಡರ್ ಪಾರ್ಕಿನ ತನ್ನ ಮನೆ ಬಿಟ್ಟಾಗಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ನೋಡುತ್ತಿದ್ದಳು. ಕನ್ನಡದಲ್ಲಿ ಹೇಳಿಕೊಂಡರೆ ಕಾಲು ಹಿಡಿದ ಹಾಗೆ ಕೇಳಿಸುತ್ತಿತ್ತು, ಇಂಗ್ಲಿಷಿನಲ್ಲಿ ಹೇಳಿಕೊಂಡರೆ ಆಫೀಸಿನ ಇಮೇಲ್ ಓದಿದ ಹಾಗೆ. ಈಗ ದಕ್ಷಿಣ ಆಸ್ಟಿನ್ನಿನ ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸಿ, ಎಸಿ ಆರಿಸದೆ, ಮ್ರಾಜೆಕ್ ಇಳಿದು ಬರುವುದನ್ನು ಕಾಯುತ್ತ ಇನ್ನೊಂದು ಸಲ ಹೇಳಿಕೊಂಡಳು: ಸರ್, ನೀವು ಕೇಳಿದ್ದ ಫೋಟೋಗಳ ಗೋಡೆ ಪ್ರದರ್ಶನದಲ್ಲಿ ಇಲ್ಲ. ಮ್ಯೂಸಿಯಮ್ಮಿನವರು ತೆಗೆಯಿರಿ ಅಂದರು, ತೆಗೆದೆ. ಇಷ್ಟೇ ಮಾತು. ಇದಕ್ಕೆ ಇಡೀ ಒಂದು ತಿಂಗಳು ತೆಗೆದುಕೊಂಡಿದ್ದಳು. ಇವತ್ತು ಮಧ್ಯಾಹ್ನ ಹ್ಯೂಸ್ಟನ್ನಿನ ಮ್ಯೂಸಿಯಮ್ಮಿನಲ್ಲಿ ಲುದ್ವಿಕ್ ಮ್ರಾಜೆಕ್ ಅವರ ಜೀವಮಾನದ ಕೆಲಸದ ಪ್ರದರ್ಶನ ತೆರೆಯುತ್ತದೆ. ಪ್ರಾಗ್‌ನಿಂದ ಡಲ್ಲಸ್‌ವರೆಗೆ ಅವರು ಮಾಡಿದ ಪೋಸ್ಟರು, ಮೇಳದ ಮಂಟಪಗಳ ಮಾದರಿ ಎಲ್ಲವೂ ಅಲ್ಲಿವೆ. ಅದನ್ನು ವಿನ್ಯಾಸ ಮಾಡಿದವಳು ಅವರ ಶಿಷ್ಯೆ ಸುಪ್ರಜಾ. ಅವರು ಇದೇ ಮೊದಲ ಸಲ ನೋಡಲಿದ್ದಾರೆ, ಅದೂ ಅವಳ ಕಾರಿನಲ್ಲೇ ಹೋಗಿ. ಅಂದರೆ ಅವಳಿಗೆ ಉಳಿದಿರುವುದು ಒಂದು ರಸ್ತೆಯ ಉದ್ದದಷ್ಟು ಸಮಯ. ಯಾವುದಾದರೂ ಟೈರು ಪಂಕ್ಚರ್ ಆಗಲಿ ಎಂದು ಒಂದು ಕ್ಷಣ ಆಸೆಪಟ್ಟು, ನಲವತ್ತೇಳರ ಹೆಂಗಸು ಹೋಂವರ್ಕ್ ಮಾಡದ ಹುಡುಗಿಯಂತೆ ಯೋಚಿಸುವುದಾ ಎಂದು ನಾಚಿಕೊಂಡಳು.

ಮ್ರಾಜೆಕ್ ಬಂದರು. ಎಂಬತ್ತು ದಾಟಿದ, ಉದ್ದಕ್ಕೆ ಒಣಗಿದ ಮನುಷ್ಯ. ಅಕ್ಟೋಬರಿನಲ್ಲೂ ಬೇಯಿಸುವ ಟೆಕ್ಸಸ್ಸಿನ ಬಿಸಿಲಿಗೆ ಉಣ್ಣೆಯ ಕೋಟು ತೊಟ್ಟಿದ್ದರು. ಇದು ಮದುವೆಯ ಕೋಟೋ ಸಾವಿನ ಕೋಟೋ ನೆನಪಿಲ್ಲ, ಎರಡಕ್ಕೂ ಇದನ್ನೇ ಹಾಕಿದ್ದೆ ಅಂದರು. ಅವಳು ನಕ್ಕು ಸೀಟಿನ ಬೆಲ್ಟು ಎಳೆದುಕೊಟ್ಟಳು. ಎದುರಿಗೆ ಅವರನ್ನು ಸರ್ ಅನ್ನುತ್ತಿದ್ದರೂ ಮನಸ್ಸಿನೊಳಗೆ ಮೊದಲಿನಿಂದಲೂ ಮೇಷ್ಟ್ರು ಎಂದೇ ಕರೆಯುತ್ತಿದ್ದಳು. ಹೆಸರು ಹಿಡಿದು ಕರೆ ಎಂದು ಅವರು ಎಷ್ಟು ಹೇಳಿದರೂ ಅವಳಿಗೆ ನಾಲಿಗೆ ಏಳಲಿಲ್ಲ. ಕಾರು ಎಪ್ಪತ್ತೊಂದನೇ ಹೆದ್ದಾರಿ ಸೇರುವ ಮೊದಲೇ ಅವರು ರಸ್ತೆಯ ಫಲಕಗಳ ಅಕ್ಷರಗಳ ನಡುವಿನ ಅಂತರವನ್ನು ಬೈಯಲು ಶುರುಮಾಡಿದರು. ಬೈದು ಮುಗಿಸಿ, ತೀರಾ ಸಹಜವಾಗಿ ಕೇಳಿದರು: "ಆ ಗೋಡೆಗೆ ಬೆಳಕು ಕಮ್ಮಿ ಇಟ್ಟಿದ್ದೀಯ ತಾನೆ? ಹಳೇ ಫೋಟೋಗಳು, ಜಾಸ್ತಿ ಬೆಳಕು ಬಿದ್ದರೆ ಮುಖ ಸತ್ತುಹೋಗುತ್ತೆ."

ಸುಪ್ರಜಾ ಹೂಂ ಅಂದಳು. ಇಲ್ಲಿಯವರೆಗೆ ಹೇಳದೆ ಇದ್ದದ್ದಷ್ಟೇ ತಪ್ಪಾಗಿತ್ತು, ಈಗ ಸುಳ್ಳೂ ಸೇರಿತು.

ಮೈಸೂರಿನ ಕಲಾಶಾಲೆಯಲ್ಲಿ ಕಲಿತು, ಮದುವೆಯಾಗಿ, ಭಾಸ್ಕರನ ಕೆಲಸದ ಹಿಂದೆ ಡಲ್ಲಸ್ಸಿಗೆ ಬಂದಿಳಿದ ಹೊಸದರಲ್ಲಿ ಅವಳಿಗೆ ಕೆಲಸ ಕೊಟ್ಟವರು ಇವರೊಬ್ಬರೇ. ಅವರದು ಗೋದಾಮಿನಂಥ ಸ್ಟುಡಿಯೋ. ವ್ಯಾಪಾರ ಮೇಳಗಳಿಗೆ ಏರ್ ಕಂಡೀಷನರ್ ಮಳಿಗೆ, ಬೂಟಿನ ಮಳಿಗೆ, ನಡುನಡುವೆ ಯಾವುದೋ ಸಣ್ಣ ಊರಿನ ಮ್ಯೂಸಿಯಂ. ಯೂರೋಪಿನ ದೊಡ್ಡ ಮೇಳಗಳಲ್ಲಿ ಇಡೀ ದೇಶದ ಮಂಟಪ ಕಟ್ಟಿದ್ದ ಮನುಷ್ಯ ಇಲ್ಲಿ ಬೂಟು ಜೋಡಿಸುತ್ತ, ಅದನ್ನೂ ಅಷ್ಟೇ ಸಿಟ್ಟಿನಿಂದ, ಅಷ್ಟೇ ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಮೊದಲ ದಿನ ಅವಳ ಚಿತ್ರಗಳ ಕಡೆ ಕಣ್ಣೆತ್ತಿಯೂ ನೋಡದೆ ಒಂದು ಹಿಡಿ ಗುಂಡಿಗಳನ್ನು ಮೇಜಿನ ಮೇಲೆ ಸುರಿದು, ಕಣ್ಣು ಎಲ್ಲೂ ಎಡವದ ಹಾಗೆ ಜೋಡಿಸು ಅಂದರು. ಜೋಡಿಸಿದಳು. ಅದರಿಂದ ಒಂದನ್ನು ತೆಗೆದು, ಈಗ ಇದು ಇತ್ತು ಅಂತಲೇ ಗೊತ್ತಾಗದ ಹಾಗೆ ಜೋಡಿಸು ಅಂದರು. ಅವಳು ಉಳಿದವನ್ನು ಸಮನಾಗಿ ಹಂಚಿದಳು. ಮ್ರಾಜೆಕ್ ಮೂಗು ಮುರಿದರು. "ಸಮನಾಗಿ ಹಂಚೋದು ಗುಮಾಸ್ತನ ಕೆಲಸ. ಸಮ ಇದ್ದ ಕಡೆ ಕಣ್ಣು ಎಣಿಸೋಕೆ ಶುರುಮಾಡುತ್ತೆ, ಎಣಿಸಿದರೆ ಸಿಕ್ಕಿಬೀಳ್ತೀಯ. ಪಕ್ಕದ್ದನ್ನು ಒಂಚೂರು ದೊಡ್ಡದು ಮಾಡು. ಅದರ ಪಕ್ಕದ್ದನ್ನು ಒಂಚೂರು ಇಳಿಸು. ಕಣ್ಣಿಗೆ ಬೇರೆ ಏನಾದರೂ ಕೊಡು, ಹೋಗಿದ್ದನ್ನು ಅದು ಕೇಳೋದಿಲ್ಲ." ವಾರಗಟ್ಟಲೆ ಇದೇ ಪಾಠ. ಅವಳಿಗೆ ಅದು ಹೊಸದೇನೂ ಅನ್ನಿಸಲಿಲ್ಲ. ದಸರೆಯ ಗೊಂಬೆ ಕೂರಿಸುವಾಗ ಮುರಿದುಹೋದ ಗೊಂಬೆಯ ಜಾಗವನ್ನು ಅಮ್ಮ ಹೀಗೇ ಮರೆಸುತ್ತಿದ್ದಳು. ಆ ವರ್ಷ ಡಲ್ಲಸ್ಸಿನ ಮನೆಯಲ್ಲಿ ಗೊಂಬೆ ಕೂರಿಸಿ ಮೇಷ್ಟ್ರನ್ನೂ ಕರೆದಳು. ಅವರು ಬಾಗಿಲಲ್ಲಿ ಬೂಟು ಬಿಚ್ಚಿ, ಮೆಟ್ಟಿಲುಗಳ ಮುಂದೆ ಬಹಳ ಹೊತ್ತು ನಿಂತು, ಯಾರನ್ನೂ ಕೇಳದೆ ಕೈ ಚಾಚಿ ಪಟ್ಟದ ಗೊಂಬೆಗಳನ್ನೇ ಒಂದು ಗೇಣು ಪಕ್ಕಕ್ಕೆ ಸರಿಸಿಬಿಟ್ಟರು. ಅರಿಶಿನ ಕುಂಕುಮಕ್ಕೆ ಬಂದಿದ್ದ ಲೀಲಾವತಿ ಆಂಟಿ ಹೌಹಾರಿದರು. "ಅಯ್ಯೋ, ಕೂರಿಸಿದ ಪಟ್ಟದ ಗೊಂಬೇನ ವಿಜಯದಶಮಿ ತನಕ ಮುಟ್ಟೋ ಹಾಗಿಲ್ಲ ಕಣೆ! ಯಾರೇ ಇವ್ರು?" ಸುಪ್ರಜಾ ತಪ್ಪಾಯಿತು ಆಂಟಿ ಅನ್ನುತ್ತಲೇ ಗೊಂಬೆಗಳ ಕಡೆ ನೋಡಿದಳು. ಇಡೀ ಸಾಲಿಗೆ ಉಸಿರು ಬಂದಿತ್ತು. ಅವಳು ಅವನ್ನು ಹಿಂದಕ್ಕೆ ಸರಿಸಲಿಲ್ಲ. ಆಂಟಿ ಮತ್ತೆ ಅವಳ ಮನೆಗೆ ಬರಲಿಲ್ಲ.

ಬ್ಯಾಸ್ಟ್ರಪ್ ದಾಟಿತು. ರಸ್ತೆಯ ಎರಡು ಕಡೆಯೂ ಹುಲ್ಲಿನ ಉರುಳೆಗಳು, ಮರದ ನೆರಳಿಗೆ ಒತ್ತಿಕೊಂಡು ನಿಂತ ದನಗಳು. ಮ್ರಾಜೆಕ್ ಕಣ್ಣು ಮುಚ್ಚಿದ್ದರು. ನಿದ್ದೆ ಹೋದರೆ ಹ್ಯೂಸ್ಟನ್ನಿನವರೆಗೆ ತನಗೆ ಬಿಡುಗಡೆ ಎಂದು ಅವಳು ಯೋಚಿಸುತ್ತಿರುವಾಗಲೇ ಕಣ್ಣು ಮುಚ್ಚಿಕೊಂಡೇ ಮಾತಾಡಿದರು. ಆ ಗೋಡೆಯ ವಿಷಯವೇ. ಅವಳಿಗೆ ಗೊತ್ತಿರುವ ವಿಷಯವೇ, ಆದರೂ ಮುದುಕರಿಗೆ ಇವತ್ತು ಹೇಳಬೇಕೆನ್ನಿಸಿತ್ತು. ಪ್ರಾಗ್‌ನಲ್ಲಿ ಅವರು ಆಗಿನ ಕಮ್ಯುನಿಸ್ಟ್ ಸರಕಾರದ ಪ್ರದರ್ಶನಗಳ ವಿನ್ಯಾಸಗಾರರಾಗಿದ್ದಾಗ ಕಾರ್ಖಾನೆಗಳ, ಶಾಲೆಗಳ, ಸಂಘಗಳ ಸಾಧನೆಯ ಫಲಕಗಳು ಊರೂರಲ್ಲಿ ಇರುತ್ತಿದ್ದವು, ಅವುಗಳಲ್ಲಿ ಜನರ ಫೋಟೋಗಳು. ಯಾರಾದರೂ ದೇಶ ಬಿಟ್ಟು ಓಡಿಹೋದರೆ, ಸಹಿ ಹಾಕಬಾರದ ಕಾಗದಕ್ಕೆ ಸಹಿ ಹಾಕಿದರೆ, ಫಲಕದಿಂದ ಅವರ ಮುಖ ಹೋಗಬೇಕು. ಮೊಳೆ ಕೀಳುವುದಕ್ಕೆ ಜವಾನ ಸಾಕಾಗಿತ್ತು. ಉಳಿದವರನ್ನು ಕೂಡಿಸಿ, ಅಲ್ಲಿ ಒಬ್ಬರಿದ್ದರು ಎಂದು ಯಾರಿಗೂ ಅನ್ನಿಸದ ಹಾಗೆ ಮಾಡುವುದಕ್ಕೆ ಮ್ರಾಜೆಕ್ ಬೇಕಾಗಿತ್ತು. ಹಾಗೆ ಮಾಡಿದಾಗಲೆಲ್ಲ ಮೊದಲಿನದೊಂದು, ಆಮೇಲಿನದೊಂದು ಫೋಟೋ ತೆಗೆದು ಇಟ್ಟುಕೊಂಡಿದ್ದರು. ದೇಶ ಬಿಟ್ಟು ವಿಯೆನ್ನಾಕ್ಕೆ ಬಂದಾಗ ಹೆಂಡತಿಯ ಕೋಟಿನ ಅಸ್ತರಿಯೊಳಗೆ ಹೊಲಿದು ತಂದದ್ದು ತಮ್ಮ ಬಹುಮಾನ ಬಂದ ಪೋಸ್ಟರುಗಳನ್ನಲ್ಲ, ಈ ಜೋಡಿ ಫೋಟೋಗಳನ್ನು. ಪ್ರದರ್ಶನದಲ್ಲಿ ಒಂದು ಗೋಡೆಯ ತುಂಬ ಇವನ್ನೇ ಹಾಕಬೇಕೆಂದು ಅವಳನ್ನು ಕೇಳಿದ್ದರು.

"ಪಶ್ಚಾತ್ತಾಪ ಅಂದ್ಕೋಬೇಡ," ಅಂದರು. "ಅದನ್ನು ಚರ್ಚಿನಲ್ಲಿ ಹೇಳಿಕೊಳ್ಳಬಹುದಿತ್ತು. ಅದು ನನ್ನ ಅತಿ ಒಳ್ಳೆ ಕೆಲಸ, ಯಾರೂ ನೋಡಲಿಲ್ಲ ಅಷ್ಟೇ. ಅಲ್ಲದೆ ಆ ಜನರ ಹೆಸರು ನನಗೆ ಗೊತ್ತಿಲ್ಲ, ಸು. ಮುಖ ಗೊತ್ತು. ಕೈಯಲ್ಲಿ ಹಿಡಿದು ಕತ್ತರಿಸಿದ್ದೀನಿ. ಹ್ಯೂಸ್ಟನ್ನಿಗೆ ನಮ್ಮ ಹಳೆಯ ಜನ ಬರ್ತಾರೆ ಇವತ್ತು, ನನ್ನ ಹಾಗೆ ಓಡಿಬಂದವರು. ಯಾರಾದರೂ ಒಬ್ಬರು, ಇವಳು ನನ್ನ ಚಿಕ್ಕಮ್ಮ, ಇವರು ನನ್ನ ಮೇಷ್ಟ್ರು ಅಂತ ಹೇಳಿದರೆ ಸಾಕು. ಒಂದು ಹೆಸರು ಸಿಕ್ಕಿದರೂ ಸಾಕು."

ಈಗ ಹೇಳಬೇಕು ಅನ್ನಿಸಿತು. ಅವಳು ಬಾಯಿ ತೆರೆದಳು. "ಕೊಲಾಚಿ ತಿನ್ನೋಣವೇ ಸರ್?" ಎಂಬ ಮಾತು ಹೊರಬಂತು.

ಲಾ ಗ್ರೇಂಜ್ ಆಚೆಗಿನ ಬೇಕರಿ ಪೆಟ್ರೋಲ್ ಬಂಕಿಗೆ ಅಂಟಿಕೊಂಡಿತ್ತು. ಆ ಸೀಮೆಗೆ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಬಂದ ಚೆಕ್ ರೈತರ ಮೊಮ್ಮಕ್ಕಳ ಮೊಮ್ಮಕ್ಕಳು ಹಣ್ಣು ತುಂಬಿದ ಬನ್ನನ್ನು ಕೊಲಾಚಿ ಎಂದು ಮಾರುತ್ತಾರೆ. ಮಾಂಸದ ಸಾಸೇಜು ತುಂಬಿದ್ದನ್ನೂ ಹಾಗೇ ಕರೆಯುತ್ತಾರೆ. ಮ್ರಾಜೆಕ್ ಇದನ್ನು ಪ್ರತಿ ಸಲವೂ ತಮಗಾದ ವೈಯಕ್ತಿಕ ಅವಮಾನವೆಂದೇ ತೆಗೆದುಕೊಳ್ಳುತ್ತಿದ್ದರು. ಗಲ್ಲಾದ ಹುಡುಗಿಗೆ ಸಾಸೇಜು ಇದ್ದರೆ ಅದು ಕೊಲಾಚಿ ಅಲ್ಲವೇ ಅಲ್ಲ ಎಂದು ಪಾಠ ಮಾಡಿದರು. ಆಕೆ, ಓಕೆ ಹನೀ, ಎಷ್ಟು ಬೇಕು ಅಂದಳು. ಇಬ್ಬರೂ ಗೋಡೆಯ ಪಕ್ಕದ ಮೇಜಿನಲ್ಲಿ ಕುಳಿತು ಗಸಗಸೆ ತುಂಬಿದ್ದನ್ನು ತಿಂದರು. ಅವರ ಕೋಟಿನ ಎದೆಯ ಮೇಲೆ ಪುಡಿ ಉದುರಿತು. ಅವಳು ಕಾಗದದ ಕರವಸ್ತ್ರದಿಂದ ಒರೆಸಿದಳು. ಮಗುವಿನಂತೆ ಗಲ್ಲ ಎತ್ತಿ ಒರೆಸಿಕೊಂಡರು. ಅವಳ ಅಪ್ಪ ತೀರಿಹೋದಾಗ ಊರಿಗೆ ಹೋಗಲು ವೀಸಾದ ತೊಡಕಾಗಿ, ಇಲ್ಲೇ ಸ್ಟುಡಿಯೋದ ಮೂಲೆಯಲ್ಲಿ ಅಳುತ್ತ ಕುಳಿತಿದ್ದಾಗ ಈ ಮನುಷ್ಯ ಸಮಾಧಾನದ ಒಂದು ಮಾತನ್ನೂ ಆಡದೆ ಪಕ್ಕದಲ್ಲಿ ಕುಳಿತು ಸಂಜೆಯವರೆಗೆ ಪೆನ್ಸಿಲು ಹೆರೆದು ಹೆರೆದು ಅವಳ ಮುಂದೆ ಇಟ್ಟಿದ್ದರು. ಅವಳಿಗೆ ಪ್ರೀತಿ ಉಕ್ಕಿ ಬಂತು. ಪ್ರೀತಿಯಿದ್ದ ಕಡೆ ನಿಜ ಹೇಳುವುದು ಸುಲಭವಾಗಬೇಕು ಎಂದು ಯಾರು ಹೇಳಿದರೋ, ಅವಳಿಗಂತೂ ತಿರುಗುಮುರುಗಾಗಿತ್ತು.

ತೆಗೆಯಬೇಕೆಂದು ಹೇಳಿದವಳು ಮ್ಯೂಸಿಯಮ್ಮಿನ ಲಿಂಡಾ. ಹೇಳಿದಳು ಅನ್ನುವುದೂ ಜಾಸ್ತಿ, ನಕ್ಕಳು ಅಷ್ಟೇ. ಪ್ರದರ್ಶನಕ್ಕೆ ನೆರವಾದ ಹಳೆಯ ಚೆಕ್ ಮನೆತನದವರಿಗೆ ತಮ್ಮ ಹಿರಿಯರ ನಾಡಿನ ಹೆಮ್ಮೆ ಬೇಕಾಗಿತ್ತು. ಆ ಗೋಡೆ ಕಥೆಯನ್ನು ಸ್ವಲ್ಪ ಗೊಂದಲ ಮಾಡುತ್ತದೆ ಎಂದು ಅವರಿಗೆ ಅನ್ನಿಸಿತಂತೆ. "ನಿನಗೆ ಕಷ್ಟ ಅನ್ನಿಸಿದರೆ ಪರವಾಗಿಲ್ಲ ಸುಪ್ರಜಾ, ನಮ್ಮ ಒಳಗಿನ ತಂಡ ಮುಗಿಸಿಕೊಳ್ಳುತ್ತೆ. ಆಗ ಪ್ರವೇಶದ ಗೋಡೆಯ ಮೇಲಿನ ಹೆಸರನ್ನು ಮಾತ್ರ ಬದಲಾಯಿಸಬೇಕಾಗುತ್ತೆ." ಪ್ರವೇಶದ ಗೋಡೆಯ ಮೇಲೆ, ಪ್ರದರ್ಶನ ವಿನ್ಯಾಸ ಎಂಬುದರ ಕೆಳಗೆ, ಅವಳ ಹೆಸರು ಮೊದಲ ಬಾರಿ ಬರುವುದಿತ್ತು. ಇಷ್ಟು ವರ್ಷ ಮಾಡಿದ್ದೆಲ್ಲ ಮ್ರಾಜೆಕ್ ಸ್ಟುಡಿಯೋ ಎಂಬ ಹೆಸರಿನಲ್ಲೇ ಹೋಗಿತ್ತು. ಮಗಳು ಇಶಾ ಚಿಕ್ಕವಳಿದ್ದಾಗ ಸುಪ್ರಜಾ, ತಾನೇ ವಿನ್ಯಾಸ ಮಾಡಿದ ಪಳೆಯುಳಿಕೆಗಳ ಕೋಣೆ ತೋರಿಸಲು ಫ್ರಿಸ್ಕೋದ ಗೆಳತಿ ಅನುರಾಧಾಳ ಮನೆಯವರನ್ನೆಲ್ಲ ಡಲ್ಲಸ್ಸಿನ ಒಂದು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದಳು. ಅನುರಾಧಾ ಗೋಡೆಯಿಂದ ಗೋಡೆಗೆ ಹೋಗಿ ಹುಡುಕಿ, "ನಿನ್ನ ಹೆಸರೆಲ್ಲೇ ಹಾಕಿದಾರೆ?" ಎಂದು ಕೇಳಿದಳು. ಇಲ್ಲ, ಇಲ್ಲಿ ಹಾಗೆ ಹಾಕಲ್ಲ ಎಂದು ಸುಪ್ರಜಾ ನಗುತ್ತ ಹೇಳಿದಾಗ ಅನುರಾಧಾಳ ಗಂಡ ಪಾಪ ಎಂಬಂತೆ ನೋಡಿದ. ಮನೆಗೆ ಬರುವಾಗ ಇಶಾ ಹಿಂದಿನ ಸೀಟಿನಿಂದ, ಅಮ್ಮಾ, ಡಿಡ್ ಯು ರಿಯಲಿ ಮೇಕ್ ಇಟ್ ಎಂದು ಕೇಳಿದ್ದಳು. ಆಸ್ಟಿನ್ನಿಗೆ ಶಿಫ್ಟ್ ಆದ ಮೇಲೆ ಕನ್ನಡ ಸಂಘದ ನಂಜುಂಡಸ್ವಾಮಿ ಪ್ರತಿ ವರ್ಷವೂ ತಪ್ಪದೆ ಫೋನು ಮಾಡುತ್ತಿದ್ದರು. "ನಿಮ್ದು ಆರ್ಟ್ ಲೈನ್ ಅಲ್ವಾ ಮೇಡಂ, ರಾಜ್ಯೋತ್ಸವಕ್ಕೆ ಒಂದು ಬ್ಯಾನರ್ ಹೊಡೆದು ಕೊಟ್ಬಿಡಿ, ಹಂಗೇ ರಂಗೋಲಿ ಕಾಂಪಿಟಿಷನ್‌ಗೆ ಜಡ್ಜೂ ಆಗ್ಬಿಡಿ." ಕೊಟ್ಟಳು, ಆದಳು. ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡೆ ಎಂದುಕೊಂಡಿದ್ದಳು. ಆದರೆ ಲಿಂಡಾ ಹೆಸರಿನ ಮಾತೆತ್ತಿದ್ದೇ ತಡ, ಬೇಡ, ನಾನೇ ಮಾಡ್ತೀನಿ ಎಂದು ಅವಳ ಬಾಯಿ ಹೇಳಿಬಿಟ್ಟಿತ್ತು. ಮೇಷ್ಟ್ರಿಗೆ ನೀನೇ ಹೇಳಿದರೆ ಚೆಂದ, ನಿನ್ನ ಮೇಲೆ ಅವರಿಗೆ ವಿಶ್ವಾಸ ಎಂದು ಹೇಳಿ ಲಿಂಡಾ ಕೈ ತೊಳೆದುಕೊಂಡಳು.

ಬೇರೆಯವರು ಕಿತ್ತರೆ ಗಾಯವಾಗುತ್ತದೆ, ನಾನಾದರೆ ಮೆತ್ತಗೆ ತೆಗೆಯುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡು ಸುಪ್ರಜಾ ಕೆಲಸಕ್ಕಿಳಿದಳು. ಇಳಿದ ಮೇಲೆ ದುಃಖ ಮರೆತುಹೋಯಿತು, ಅದೇ ಅವಳನ್ನು ಈಗ ಕಾಡುತ್ತಿದ್ದದ್ದು. ಪಕ್ಕದ ಪೋಸ್ಟರನ್ನು ಒಂದಿಷ್ಟು ದೊಡ್ಡದಾಗಿ ಮುದ್ರಿಸಿ, ಅದರ ಆಚೆಯ ಕುರ್ಚಿಯ ಮಾದರಿಯನ್ನು ತಗ್ಗಿಸಿ, ನೆಲದ ಬೆಳಕನ್ನು ತಿರುಗಿಸಿ, ಎರಡು ಕೋಣೆಯಲ್ಲಿ ನೋಡುಗರ ಇಡೀ ನಡಿಗೆಯನ್ನೇ ಹೊಸದಾಗಿ ಹೆಣೆದಿದ್ದಳು. ಮಾಡುವಾಗ ಹಾಡಿನ ಗುನುಗು ಬಂದಿತ್ತು.

ಕಾರು ಕೊಲಂಬಸ್ ದಾಟಿ ದೊಡ್ಡ ಹೆದ್ದಾರಿಗೆ ಬಿದ್ದಿತ್ತು. ಫೋನು ರಿಂಗಾಯಿತು; ಭಾಸ್ಕರನ ಧ್ವನಿ ಕಾರಿನ ತುಂಬ ತುಂಬಿಕೊಂಡಿತು.

"ಏನಾಯ್ತೇ? ಹೇಳ್ದ್ಯಾ ಅವ್ರಿಗೆ?"

"ಸ್ಪೀಕರ್‌ನಲ್ಲಿದೆ ರೀ."

"ಇದ್ರೆ ಏನಂತೆ, ಅವ್ರಿಗೆ ಕನ್ನಡ ಬರತ್ತಾ? ಹೇಳ್ದ್ಯೋ ಇಲ್ವೋ?"

"ಇಲ್ಲ."

"ಅಯ್ಯೋ ಮಾರಾಯ್ತಿ. ಕ್ಲೈಂಟ್ ತೆಗಿ ಅಂದ್ರು, ತೆಗ್ದೆ ಅಂತ ಹೇಳೋಕೆ ಏನು ಕಷ್ಟ? ನಮ್ಮ ಆಫೀಸ್ನಲ್ಲಿ ವರ್ಷಗಟ್ಲೆ ಮಾಡಿದ್ ಕಂಪ್ಯೂಟರ್ ಚಿಪ್‌ನೇ ಒಂದಿನ ಬೇಡ ಅಂತಾರೆ, ನಾವೇನು ಅಳ್ತಾ ಕೂತ್ಕೋತೀವಾ?"

"ಅದು ಬೇರೆ, ಇದು ಬೇರೆ ರೀ."

"ಎಲ್ಲಾ ಒಂದೇ. ಈಗ್ಲೇ ಹೇಳ್ಬಿಡು. ಅಲ್ಲಿ ಎಲ್ರ ಮುಂದೆ ಗೊತ್ತಾದ್ರೆ ಚೆನ್ನಾಗಿರಲ್ಲ."

ಇಡ್ತೀನಿ ಎಂದು ಹೇಳಿ ಅವಳು ಗುಂಡಿ ಒತ್ತಿದಳು. ಮ್ರಾಜೆಕ್ ಕಿಟಕಿಯ ಕಡೆ ನೋಡುತ್ತಿದ್ದರು. ಭಾಸ್ಕರನಿಗೆ ಸಿಟ್ಟಾ ಎಂದು ಕೇಳಿದರು. ಇಲ್ಲ, ಊಟದ ವಿಷಯ ಅಂದಳು. ಅವರು ತಲೆಯಾಡಿಸಿದರು. ಹೆಂಡತಿ ಇದ್ದಾಗ ತಮ್ಮ ಮನೆಯಲ್ಲೂ ಊಟದ ವಿಷಯಕ್ಕೆ ಇಂಥದೇ ಧ್ವನಿ ಕೇಳುತ್ತಿತ್ತು ಎಂದರು. ಆಮೇಲೆ ಹ್ಯೂಸ್ಟನ್ನಿನ ಟ್ರಾಫಿಕ್ಕು ಅವಳನ್ನು ಕಾಪಾಡಿತು. ಕೇಟಿಯಿಂದ ಮುಂದೆ ನಾಲ್ಕೂ ಕಡೆ ಲಾರಿಗಳು, ಯಾರೂ ಯಾರ ಜೊತೆಗೂ ಮಾತಾಡುವ ಹಾಗಿರಲಿಲ್ಲ. ಪಾರ್ಕಿಂಗಿನಲ್ಲಿ ಇಂಜಿನ್ನು ಆರಿಸಿದ ಮೇಲಿನ ಆ ಸದ್ದಿಲ್ಲದ ಗಳಿಗೆಯಲ್ಲಿ ಕೊನೆಯ ಅವಕಾಶವಿತ್ತು. ಸರ್ ಅಂದಳು. ಅವರು ತಿರುಗಿದರು. ಮುಖದಲ್ಲಿ ಎಷ್ಟು ಆತುರ, ಎಷ್ಟು ಸಂಭ್ರಮ. ಬೆಲ್ಟು ತೆಗೆಯಿರಿ ಅಂದಳು.

ಮ್ಯೂಸಿಯಮ್ಮಿನೊಳಗೆ ಜನ ಆಗಲೇ ಸೇರಿದ್ದರು. ಹೂವಿನ ಕಸೂತಿಯ ರವಿಕೆ ತೊಟ್ಟ ಹೆಂಗಸರು, ದೊಡ್ಡ ಟೋಪಿಯ ಗಂಡಸರು, ಅಲ್ಲಲ್ಲಿ ಕಿಟಕಿಗೆ ಒತ್ತಿ ನಿಂತ, ಮಾತು ಕಮ್ಮಿಯ ನಾಲ್ಕಾರು ಮುದುಕ ಮುದುಕಿಯರು. ಇವರೇ ಓಡಿಬಂದವರಿರಬೇಕು. ಲಿಂಡಾ ಇಬ್ಬರ ಕೆನ್ನೆಗೂ ಕೆನ್ನೆ ತಾಗಿಸಿದಳು. ಪ್ರವೇಶದ ಗೋಡೆಯ ಮೇಲೆ ಸುಪ್ರಜಾಳ ಹೆಸರಿತ್ತು, ಕಪ್ಪು ಅಕ್ಷರಗಳಲ್ಲಿ. ಅದರ ಕಡೆ ನೋಡಲು ಅವಳಿಗೆ ಮನಸ್ಸಾಗಲಿಲ್ಲ. ಮ್ರಾಜೆಕ್ ಅವಳ ತೋಳು ಬಿಟ್ಟು, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಬ್ಬರೇ ಒಳಗೆ ಹೋದರು. ಅವಳು ಕಂಬದ ಪಕ್ಕ ನಿಂತು ನೋಡಿದಳು. ಹುಡುಗರಾಗಿದ್ದಾಗ ಬರೆದ ಅಂಗಡಿ ಬೋರ್ಡಿನ ಅಕ್ಷರಗಳ ಮುಂದೆ ನಿಂತರು, ನಕ್ಕರು. ಪೋಸ್ಟರುಗಳ ಮುಂದೆ ನಿಂತರು. ಮಂಟಪದ ಮಾದರಿಯ ಮುಂದೆ ಬಾಗಿ ಒಂದು ಕಣ್ಣು ಮುಚ್ಚಿ ನೋಡಿದರು. ಅಲ್ಲಿಂದ ಎರಡನೇ ಕೋಣೆಗೆ ಸಾಗಿದರು. ಎಲ್ಲಿ ನಿಲ್ಲಬಾರದೋ ಅಲ್ಲಿ ನಿಲ್ಲಲಿಲ್ಲ. ಡಲ್ಲಸ್ಸಿನ ಬೂಟಿನ ಮಳಿಗೆಯನ್ನೂ ನೋಡಿ ಮುಗಿಸಿ, ಬಾಗಿಲ ಬಳಿ ಬಂದು, ಗಕ್ಕನೆ ನಿಂತು, ಏನೋ ಬಿಟ್ಟುಬಂದವರಂತೆ ಮತ್ತೆ ಮೊದಲಿನಿಂದ ಹೊರಟರು. ಈ ಸಲ ನಿಧಾನ. ಗೋಡೆಗಳನ್ನಲ್ಲ, ಗೋಡೆಗಳ ನಡುವಿನ ಜಾಗಗಳನ್ನು ನೋಡುತ್ತ ಬಂದರು. ಎರಡನೇ ಸುತ್ತೂ ಮುಗಿಯಿತು. ಅವರು ಕಂಬದ ಬಳಿ ಬಂದರು. ಬೈಯುತ್ತಾರೆ ಎಂದು ಅವಳು ತಲೆ ತಗ್ಗಿಸಿದಳು.

"ಎಲ್ಲಿತ್ತು?" ಎಂದು ಮೆಲ್ಲಗೆ ಕೇಳಿದರು.

ಸಿಟ್ಟಿರಲಿಲ್ಲ ಅದರಲ್ಲಿ. ಗೊತ್ತಾಗದೆ ಕೇಳಿದ ಪ್ರಶ್ನೆ. ಅವಳು ಅವರನ್ನು ಕರೆದುಕೊಂಡು ಹೋಗಿ, ಎರಡು ಪೋಸ್ಟರುಗಳ ನಡುವಿನ ಬಿಳಿಯ ಗೋಡೆಯ ಮೇಲೆ ಅಂಗೈ ಇಟ್ಟು ತೋರಿಸಿದಳು. ಮ್ರಾಜೆಕ್ ಹತ್ತಿರ ಬಂದರು, ದೂರ ಹೋದರು, ಪಕ್ಕದ ಪೋಸ್ಟರಿನ ಅಂಚು ಮುಟ್ಟಿದರು, ನೆಲದ ಬೆಳಕನ್ನು ನೋಡಿದರು. ತನ್ನ ಕೈಯ ಕೆಲಸವನ್ನು ಅವರು ಹೀಗೆ ಒಂದೊಂದಾಗಿ ಬಿಡಿಸಿ ಓದುತ್ತಿರುವುದನ್ನು ನೋಡಿ ಸುಪ್ರಜಾಳಿಗೆ ಸಂತೋಷವಾಯಿತು. ಅವರಿಗೇ ಸಿಗಲಿಲ್ಲ! ಎರಡು ಸುತ್ತು ಬಂದರೂ ಅವರಿಗೇ ಸಿಗಲಿಲ್ಲ! ಇಷ್ಟು ವರ್ಷದಲ್ಲಿ ಎಂದೂ ಆಗದ ಸಂತೋಷ ಮೈಯೆಲ್ಲ ಹರಿದುಹೋಗಿ, ಅದು ಸಂತೋಷವೆಂದು ಗುರುತು ಸಿಕ್ಕಿದ್ದೇ ಅವಳಿಗೆ ತನ್ನ ಮೇಲೆ ಹೇಸಿಗೆ ಬಂತು. ಗೋಡೆಯಿಂದ ಕೈ ತೆಗೆದಳು. "ಸರ್, ನಾನು ದಾರಿಯಲ್ಲೇ ಹೇಳಬೇಕೂಂತ..."

ಅವರು ಕೇಳಿಸಿಕೊಳ್ಳಲಿಲ್ಲ. ಕಾವಲುಗಾರನ ಕುರ್ಚಿಯನ್ನು ಕೇಳಿ ತಂದು, ಆ ಬಿಳಿಯ ಗೋಡೆಗೆ ಎದುರಾಗಿ ಹಾಕಿಕೊಂಡು ಕುಳಿತರು. ಲಿಂಡಾ ಬಂದು, ಎಲ್ಲರೂ ಕಾಯುತ್ತಿದ್ದಾರೆ, ಎರಡು ಮಾತಾಡಬೇಕು ಅಂದಳು. ನಾನು ನೋಡ್ತಾ ಇದ್ದೀನಿ ಅಂದರು, ಏಳಲಿಲ್ಲ. ಲಿಂಡಾಳ ನಗು ಮುಖದಲ್ಲೇ ಒಣಗಿತು. ಮುದುಕ ಏನನ್ನೋ ನೋಡುತ್ತ ಕುಳಿತಿದ್ದಾನೆಂದು ಜನ ಒಬ್ಬೊಬ್ಬರಾಗಿ ಹಿಂದೆ ಸೇರಿದರು. ಕತ್ತು ಚಾಚಿದರು. ಇಡೀ ಕೋಣೆಯ ಕಣ್ಣು ಅಲ್ಲಿ ಬಂದು ನಿಂತಿತು. ಕಿಟಕಿಯ ಬಳಿಯಿದ್ದವರಲ್ಲಿ ಒಬ್ಬ ಮುದುಕಿ, ಕೋಲೂರಿಕೊಂಡು ಮುಂದೆ ಬಂದವಳು, ಮ್ರಾಜೆಕ್ ಅವರನ್ನು ಚೆಕ್ ಭಾಷೆಯಲ್ಲಿ ಏನೋ ಕೇಳಿದಳು. ಅವರು ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಉತ್ತರಿಸಿದರು.

"ಇದು ನಂದಲ್ಲ," ಎಂದು ಗೋಡೆಯ ಕಡೆ ಬೆರಳು ತೋರಿಸಿ, ಆ ಬೆರಳನ್ನೇ ಶಿಷ್ಯೆಯ ಕಡೆ ತಿರುಗಿಸಿದರು. "ಇದು ಸುಪ್ರಜಾಳ ಕೆಲಸ."

ಮುದುಕಿ ಕನ್ನಡಕ ಸರಿಮಾಡಿಕೊಂಡು ಖಾಲಿ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಗೌರವದಿಂದ ನೋಡಿದಳು. ಆಮೇಲೆ ಸುಪ್ರಜಾಳ ಕೈ ಹಿಡಿದುಕೊಂಡು, ಬಹಳ ಚೆನ್ನಾಗಿದೆ ಅಂದಳು.

ಸುಪ್ರಜಾ ಥ್ಯಾಂಕ್ಯೂ ಅಂದಳು.